ಅಧ್ಯಕ್ಷಪೀಠದ ಎಚ್ಚರಿಕೆ ಮತ್ತು ಎದುರುತ್ತರದ ಹಕ್ಕು

ಸಭೆಯಲ್ಲಿ ಮಾತನಾಡಲು ಎದ್ದುನಿಂತವರಿಗೆ ಅಧ್ಯಕ್ಷಪೀಠದಿಂದ ಎಚ್ಚರಿಕೆ ಬರುವುದು ಹೊಸ ಸಂಗತಿಯೇನಲ್ಲ. 'ವಿಷಯಕ್ಕೆ ಬನ್ನಿ', 'ಇದು ಭಾಷಣದ ವೇದಿಕೆಯಲ್ಲ', 'ಇನ್ನೊಮ್ಮೆ ಹೀಗೆ ಮಾತನಾಡಿದರೆ ಹೊರಗೆ ಕಳುಹಿಸಬೇಕಾಗುತ್ತದೆ' ಎಂಬ ಮಾತುಗಳು ಗ್ರಾಮಸಭೆಯಲ್ಲೂ ಕೇಳುತ್ತವೆ, ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲೂ ಕೇಳುತ್ತವೆ, ಕಾಲೇಜಿನ ವಿದ್ಯಾರ್ಥಿ ಸಂಘದಲ್ಲೂ ಕೇಳುತ್ತವೆ. ಎಚ್ಚರಿಕೆ ಪಡೆದವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ: ಅವಮಾನ ನುಂಗಿಕೊಂಡು ಕುಳಿತುಬಿಡುತ್ತಾರೆ, ಇಲ್ಲವೇ ಧ್ವನಿ ಏರಿಸಿ ಗದ್ದಲಕ್ಕೆ ಇಳಿಯುತ್ತಾರೆ. ಮೂರನೆಯ ದಾರಿಯೊಂದಿದೆ. 'ಯಾವ ನಿಯಮದ ಪ್ರಕಾರ, ಯಾವ ಮಾತಿಗೆ ಈ ಎಚ್ಚರಿಕೆ?' ಎಂದು ಕೇಳುವುದು. ಕೇಳಿದ ಪ್ರಶ್ನೆಯನ್ನೂ ಬಂದ ಉತ್ತರವನ್ನೂ ಸಭೆಯ ನಡವಳಿಯಲ್ಲಿ ಬರೆಸುವುದು. ಮಲೆನಾಡಿನ ಸಭೆಗಳಲ್ಲಿ ಅತಿ ವಿರಳವಾಗಿ ಕಾಣಸಿಗುವುದು ಈ ಮೂರನೆಯ ದಾರಿಯೇ.

ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಎದುರುತ್ತರ ಎಂಬ ಶಬ್ದಕ್ಕೇ ಕನ್ನಡದಲ್ಲಿ ಒಂದು ಕಳಂಕ ಅಂಟಿಕೊಂಡಿದೆ. ಹಿರಿಯರಿಗೆ ಎದುರುತ್ತರ ಕೊಡಬಾರದು, ಮೇಷ್ಟರಿಗೆ ಎದುರುತ್ತರ ಕೊಡಬಾರದು, ಸಾಹೇಬರಿಗಂತೂ ಕೊಡಲೇಬಾರದು ಎಂಬ ಪಾಠವನ್ನು ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ಹೀಗಾಗಿ ಎಚ್ಚರಿಕೆಯನ್ನು ಪ್ರಶ್ನಿಸಿದ್ದೇ ಎರಡನೆಯ ಅಪರಾಧವಾಗಿ ಎಣಿಕೆಗೆ ಬರುತ್ತದೆ. ಅಂಥ ಸಭೆಯಲ್ಲಿ ಮೊದಲನೆಯ ಎಚ್ಚರಿಕೆ ಸರಿಯಿತ್ತೇ ತಪ್ಪಿತ್ತೇ ಎಂಬುದು ಎಂದಿಗೂ ತೀರ್ಮಾನವಾಗುವುದಿಲ್ಲ. ಎಚ್ಚರಿಕೆ ಕೊಟ್ಟವರ ಪೀಠದ ಎತ್ತರವೇ ಅದಕ್ಕೆ ಪ್ರಮಾಣವಾಗಿಬಿಡುತ್ತದೆ.

ಹಾಗೆಂದು ಅಧ್ಯಕ್ಷರೇ ಬೇಡ, ಎಚ್ಚರಿಕೆಯೇ ಕೂಡದು ಎನ್ನುವುದು ಬಾಲಿಶವಾದೀತು. ಯಾರೂ ತಡೆಯದ ಸಭೆಯಲ್ಲಿ ಗೆಲ್ಲುವುದು ದೊಡ್ಡ ಗಂಟಲು. ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರು, ಕೂಲಿ ಮುಗಿಸಿ ತಡವಾಗಿ ಬಂದವರು, ಮೈಕ್ ಹಿಡಿದು ಅಭ್ಯಾಸವಿಲ್ಲದ ಹುಡುಗರು ಇವರೆಲ್ಲರ ಸರದಿಯನ್ನು ಕಾಯ್ದುಕೊಡಬೇಕಾದವರು ಅಧ್ಯಕ್ಷರೇ. ಒಬ್ಬರ ಜಾತಿಯನ್ನೋ ಮನೆಯ ವಿಚಾರವನ್ನೋ ಎತ್ತಿ ಆಡುವವನನ್ನು ಅಲ್ಲಿಯೇ ತಡೆಯದಿದ್ದರೆ ಆಡಿಸಿಕೊಂಡವರು ಮುಂದಿನ ಸಭೆಗೆ ಬರುವುದಿಲ್ಲ. ಎಚ್ಚರಿಕೆ ಎಂಬುದು ಸಭೆಗೆ ಅವಶ್ಯವಾದ ಉಪಕರಣ. ಕತ್ತಿಯಂತೆ, ಹಿಡಿಯುವ ಕೈಯನ್ನು ಅವಲಂಬಿಸಿದ ಉಪಕರಣ. ಪ್ರಶ್ನೆ ಇರುವುದು ಆ ಕೈಗೆ ಲೆಕ್ಕ ಕೇಳುವವರು ಯಾರು ಎಂಬುದರಲ್ಲಿ.

ಸಹಕಾರ ಸಂಘದ ಸಭೆಯಲ್ಲಿ ಅನ್ಯಾಯದ ಎಚ್ಚರಿಕೆ ಬಂದರೆ ಹೋಗುವುದು ಬಹುಶಃ ಒಬ್ಬನ ಮರ್ಯಾದೆ. ಆದರೆ ಬೆಟ್ಟದ ಊರುಗಳ ಪಾಲಿಗೆ ಅದಕ್ಕಿಂತ ಬಹಳ ದೊಡ್ಡದನ್ನು ಪಣಕ್ಕಿಡುವ ಸಭೆಯೊಂದಿದೆ. ಅಣೆಕಟ್ಟು, ಗಣಿ, ವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಮುನ್ನ ನಡೆಯಬೇಕಾದ ಸಾರ್ವಜನಿಕ ಅಹವಾಲು ಸಭೆಯೇ ಅದು. ಶರಾವತಿ ಕಣಿವೆಯ ಭೂಗತ ವಿದ್ಯುತ್ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ಲಿನಲ್ಲಿ ಮತ್ತು ಗೇರುಸೊಪ್ಪದಲ್ಲಿ ಇಂಥ ಸಭೆಗಳು ನಡೆದವು. ಆ ಸಭೆಗಳಿಗೆ ಹೋದವರಿಗೂ ಹೋಗದವರಿಗೂ ಈ ಸಭೆಯ ಕಟ್ಟುಕಟ್ಟಳೆ ಏನು, ಅಲ್ಲಿ ಅಧ್ಯಕ್ಷರ ಅಧಿಕಾರ ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಿಳಿದಿರಬೇಕಾದದ್ದು ಅಗತ್ಯ.

ಪರಿಸರ ಪರಿಣಾಮ ಅಧ್ಯಯನದ ಮೊದಲ ಅಧಿಸೂಚನೆ ಬಂದದ್ದು 1994ರ ಜನವರಿಯಲ್ಲಿ. ಅಹವಾಲು ಸಭೆ ಕಡ್ಡಾಯವಾದದ್ದು 1997ರ ಏಪ್ರಿಲ್‌ನಲ್ಲಿ. ಆಗ ಸಭೆ ನಡೆಸುವ ಹೊಣೆ ಒಬ್ಬರದಾಗಿರಲಿಲ್ಲ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು, ಇಲಾಖೆಗಳವರು ಇವರ ಜೊತೆಗೆ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳ ಮೂವರವರೆಗೆ ಪ್ರತಿನಿಧಿಗಳು ಮತ್ತು ಜಿಲ್ಲಾಧಿಕಾರಿ ಆರಿಸಿದ ಮೂವರವರೆಗೆ ಹಿರಿಯ ನಾಗರಿಕರು ಸೇರಿದ ಸಮಿತಿಯೊಂದು ಪೀಠದಲ್ಲಿ ಇರುತ್ತಿತ್ತು. ಆ ಹಿರಿಯರು ಎಷ್ಟರಮಟ್ಟಿಗೆ ಬಾಯಿ ಬಿಡುತ್ತಿದ್ದರೆಂಬುದು ಬೇರೆ ಮಾತು. ಆದರೂ ಪೀಠದ ಮೇಲೆ ಊರಿನ ಕಣ್ಣೊಂದು ಇರುತ್ತಿತ್ತು. 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಈ ಸಮಿತಿಯನ್ನು ತೆಗೆದುಹಾಕಿತು. ಜಿಲ್ಲಾಧಿಕಾರಿ, ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿ, ಮಂಡಳಿಯ ಪ್ರತಿನಿಧಿಯೊಬ್ಬರ ನೆರವಿನೊಂದಿಗೆ ಇಡೀ ಸಭೆಯ ಮೇಲ್ವಿಚಾರಣೆ ಮಾಡಿ ಅಧ್ಯಕ್ಷತೆ ವಹಿಸಬೇಕೆಂದು ವಿಧಿಸಿತು. ಅಂದರೆ ಎಚ್ಚರಿಕೆ ಕೊಡುವವರು, ಅದು ಸರಿಯೆಂದು ತೀರ್ಮಾನಿಸುವವರು, ಕೊನೆಗೆ ನಡವಳಿಗೆ ಸಹಿ ಹಾಕುವವರು ಎಲ್ಲರೂ ಒಬ್ಬರೇ ಆದರು.

ಆದರೆ ಅದೇ ಅಧಿಸೂಚನೆಯನ್ನು ಸಾವಧಾನವಾಗಿ ಓದಿದವರಿಗೆ ಅಧ್ಯಕ್ಷರ ಕೈಯನ್ನು ಕಟ್ಟುವ ವಾಕ್ಯಗಳೂ ಕಾಣುತ್ತವೆ. ಸ್ಥಳದಲ್ಲಿ ಹಾಜರಿರುವ ಪ್ರತಿಯೊಬ್ಬರಿಗೂ ಯೋಜನೆಯ ಬಗ್ಗೆ ಅರ್ಜಿದಾರ ಸಂಸ್ಥೆಯಿಂದ ಮಾಹಿತಿ ಅಥವಾ ಸ್ಪಷ್ಟನೆ ಕೇಳುವ ಅವಕಾಶ ಕೊಡಬೇಕೆಂದು ಅದು ಹೇಳುತ್ತದೆ. ಪ್ರತಿಯೊಬ್ಬರಿಗೂ ಎಂಬ ಶಬ್ದವನ್ನು ಗಮನಿಸಬೇಕು. 'ನೀವು ಈ ಊರಿನವರಲ್ಲ, ಕುಳಿತುಕೊಳ್ಳಿ' ಎಂಬ ಎಚ್ಚರಿಕೆ ಶಿರಸಿಯಿಂದಲೋ ಸಾಗರದಿಂದಲೋ ಬಂದ ವಿದ್ಯಾರ್ಥಿಗಳ ಮೇಲೆ ಸಾಮಾನ್ಯವಾಗಿ ಪ್ರಯೋಗವಾಗುವ ಅಸ್ತ್ರ. ಅಹವಾಲು ಸಭೆ ಮುಖ್ಯವಾಗಿ ಸ್ಥಳೀಯ ಬಾಧಿತರದ್ದು, ಉಳಿದ ಆಸಕ್ತರು ಲಿಖಿತವಾಗಿ ಅಭಿಪ್ರಾಯ ಕಳುಹಿಸಬೇಕು ಎಂಬ ವಿಭಾಗವೂ ಅಧಿಸೂಚನೆಯಲ್ಲಿದೆ ಎಂಬುದು ನಿಜ. ಆದ್ದರಿಂದ ಊರಿನವರ ಸರದಿ ಮೊದಲು ಬರಲಿ ಎಂದು ಅಧ್ಯಕ್ಷರು ಹೇಳಿದರೆ ಅದು ನ್ಯಾಯವೇ. ಸರದಿಯನ್ನು ಹಿಂದಕ್ಕೆ ಹಾಕುವುದು ಒಂದು, ಬಾಯಿ ಮುಚ್ಚಿಸುವುದು ಇನ್ನೊಂದು. ಹಾಜರಿರುವವರನ್ನು ಊರು ಕೇಳಿ ಕೂಡಿಸುವುದಕ್ಕೆ ಆ ವಾಕ್ಯದಲ್ಲಿ ಆಧಾರವಿಲ್ಲ.

ಎರಡನೆಯ ವಾಕ್ಯ ಇನ್ನೂ ಮುಖ್ಯವಾದದ್ದು. ವ್ಯಕ್ತವಾದ ಎಲ್ಲ ಅಭಿಪ್ರಾಯ, ಆತಂಕಗಳನ್ನು ಯಥಾವತ್ತಾಗಿ ಬಿಂಬಿಸುವ ಸಾರಾಂಶವನ್ನು ಮಂಡಳಿಯ ಪ್ರತಿನಿಧಿ ಬರೆದುಕೊಳ್ಳಬೇಕು. ಸಭೆಯ ಕೊನೆಯಲ್ಲಿ ಅದನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಎಲ್ಲರಿಗೂ ಓದಿ ಹೇಳಬೇಕು. ಒಪ್ಪಿತವಾದ ನಡವಳಿಗೆ ಅಧ್ಯಕ್ಷತೆ ವಹಿಸಿದ ಅಧಿಕಾರಿ ಅದೇ ದಿನ ಸಹಿ ಮಾಡಬೇಕು. ಇಡೀ ಕಲಾಪದ ವಿಡಿಯೋ ಚಿತ್ರೀಕರಣವಾಗಬೇಕು, ಅದರ ಪ್ರತಿ ನಡವಳಿಯೊಂದಿಗೆ ಹೋಗಬೇಕು. ಲೋಕಸಭೆಯ ಅಧ್ಯಕ್ಷರಿಗೆ ಸದನದ ನಿಯಮ 380ರ ಅಡಿಯಲ್ಲಿ ಅಸಭ್ಯ ಅಥವಾ ಮಾನಹಾನಿಕರ ಶಬ್ದಗಳನ್ನು ಕಡತದಿಂದ ತೆಗೆಸುವ ಅಧಿಕಾರವಿದೆ. ಅಹವಾಲು ಸಭೆಯ ಅಧ್ಯಕ್ಷರಿಗೆ ಅಂಥ ಅಧಿಕಾರವನ್ನು 2006ರ ಅಧಿಸೂಚನೆ ಎಲ್ಲಿಯೂ ಕೊಟ್ಟಿಲ್ಲ. ಅವರು ಮಾತನ್ನು ಮಧ್ಯದಲ್ಲಿ ನಿಲ್ಲಿಸಬಹುದು. ಆಡಿ ಮುಗಿದ ಮಾತನ್ನು ಅಳಿಸಲು ಬರುವುದಿಲ್ಲ. ಎಚ್ಚರಿಕೆಗೆ ಗುರಿಯಾದ ಮಾತು ಕೂಡ ವ್ಯಕ್ತವಾದ ಅಭಿಪ್ರಾಯವೇ.

ಈ ವ್ಯತ್ಯಾಸ ಪಂಡಿತರ ಕೂದಲು ಸೀಳುವ ಚರ್ಚೆಯಂತೆ ತೋರಬಹುದು. ಅಡಿಕೆ ಬೆಳೆಗಾರರೊಬ್ಬರು ಎದ್ದು, ತಮ್ಮ ತೋಟದ ತಲೆಯ ಮೇಲಿನ ಹಳ್ಳ ವರದಿಯ ನಕ್ಷೆಯಲ್ಲಿ ಇಲ್ಲವೇ ಇಲ್ಲ, ಸುರಂಗ ಕೊರೆದರೆ ಆ ಹಳ್ಳ ಎಲ್ಲಿ ಹೋಗುತ್ತದೆ ಎಂದು ಕೇಳಿದರೆಂದು ಇಟ್ಟುಕೊಳ್ಳಿ. 'ಇದು ನಿಮ್ಮ ವೈಯಕ್ತಿಕ ವಿಷಯ, ಸಭೆಯ ಸಮಯ ಹಾಳುಮಾಡಬೇಡಿ' ಎಂಬ ಎಚ್ಚರಿಕೆ ಬರುತ್ತದೆ. ಅವರು ಕುಳಿತುಕೊಳ್ಳುತ್ತಾರೆ. ಬರೆದುಕೊಳ್ಳುವ ಗುಮಾಸ್ತರು ವಿಷಯಾಂತರವೆಂದು ಲೇಖನಿ ಎತ್ತುತ್ತಾರೆ. ಅಥವಾ ವಿದ್ಯಾರ್ಥಿನಿಯೊಬ್ಬಳು, ವರದಿ ತಯಾರಿಸಿದ ಸಲಹೆಗಾರ ಸಂಸ್ಥೆಗೆ ಈ ಬಗೆಯ ಯೋಜನೆಯ ಅಧ್ಯಯನ ಮಾಡಲು ಭಾರತೀಯ ಗುಣಮಟ್ಟ ಮಂಡಳಿಯ ಮಾನ್ಯತೆ ಇದೆಯೇ ಎಂದು ಕೇಳುತ್ತಾಳೆ. 'ಯಾರ ಮೇಲೂ ವೈಯಕ್ತಿಕ ಆರೋಪ ಮಾಡುವಂತಿಲ್ಲ' ಎಂಬ ಎಚ್ಚರಿಕೆ ಬರುತ್ತದೆ. ಮಾನ್ಯತೆ ಇರಬೇಕಾದದ್ದು ನಿಯಮ. ಅದನ್ನು ಕೇಳುವುದು ಆರೋಪವಾಗುವುದು ಹೇಗೆ? ಎಚ್ಚರಿಕೆ ಕೊಟ್ಟವರಿಗೆ ದುರುದ್ದೇಶವಿರಬೇಕೆಂದೇನೂ ಇಲ್ಲ. ಮಧ್ಯಾಹ್ನದ ಊಟ ತಪ್ಪಿದ ಅಧಿಕಾರಿಯೊಬ್ಬರ ಅಸಹನೆ ಸಾಕು. ಆದರೆ ಅಷ್ಟರಿಂದಲೇ ಒಂದು ಹಳ್ಳ ಕಡತದಿಂದ ಬತ್ತಿಹೋಗಿರುತ್ತದೆ.

ಕಡತದಿಂದ ಹೋದದ್ದು ಎಲ್ಲಿಂದಲೂ ಹೋಯಿತೆಂದೇ ಅರ್ಥ. ದೊಡ್ಡ ಯೋಜನೆಗಳ ಅನುಮತಿಯನ್ನು ಪರಿಶೀಲಿಸುವ ತಜ್ಞರ ಸಮಿತಿ ದೆಹಲಿಯಲ್ಲಿ ಕುಳಿತಿರುತ್ತದೆ. ಅದರ ಮುಂದೆ ಇರುವುದು ಕಾಗದ. ದಕ್ಷಿಣ ಗೋವಾದ ಗಣಿಯೊಂದರ ಸಂಬಂಧ ಉತ್ಕರ್ಷ ಮಂಡಲ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2009ರ ನವೆಂಬರ್‌ನಲ್ಲಿ ಮಹತ್ವದ ತೀರ್ಪು ನೀಡಿತು. ಅಹವಾಲು ಸಭೆಯಲ್ಲಿ ಬಂದ ಆಕ್ಷೇಪಗಳನ್ನು ತಜ್ಞರ ಸಮಿತಿ ನಿಜವಾಗಿಯೂ ಪರಿಶೀಲಿಸಬೇಕು, ಅವನ್ನು ಒಪ್ಪಿದ್ದಕ್ಕೂ ತಳ್ಳಿಹಾಕಿದ್ದಕ್ಕೂ ಕಾರಣಗಳನ್ನು ದಾಖಲಿಸಬೇಕು ಎಂಬುದು ಅದರ ತಿರುಳು. ಇದು ಹಳ್ಳಿಗರಿಗೆ ದೊರೆತ ದೊಡ್ಡ ರಕ್ಷಣೆ. ಆದರೆ ನಡವಳಿಯಲ್ಲಿ ಇರುವ ಆಕ್ಷೇಪಕ್ಕೆ ಮಾತ್ರ ಈ ರಕ್ಷಣೆ ದೊರೆಯುತ್ತದೆ. ವೇದಿಕೆಯಿಂದ ಬಂದ ಒಂದು ಎಚ್ಚರಿಕೆಯಿಂದ ಮೊಟಕಾದ ಪ್ರಶ್ನೆಗೆ ದೆಹಲಿಯಲ್ಲಿ ಯಾರೂ ಕಾರಣ ಕೊಡಬೇಕಾಗಿಲ್ಲ.

ಎಚ್ಚರಿಕೆಯನ್ನು ಪ್ರಶ್ನಿಸುವುದೇ ಅಪರಾಧವಾಗುವ ವಿಚಾರದಲ್ಲಿ ಈ ದೇಶ ಕಂಡ ಅತಿ ದೊಡ್ಡ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೆನೆಯಬಹುದು. ಗೋರಖಪುರದ ಸಮಾಜವಾದಿ ಕಾರ್ಯಕರ್ತ ಕೇಶವ ಸಿಂಗ್ ಮತ್ತು ಅವರ ಸಂಗಡಿಗರು ಶಾಸಕರೊಬ್ಬರ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ಒಂದು ಕರಪತ್ರ ಅಚ್ಚುಹಾಕಿಸಿದ್ದರು. ಉತ್ತರ ಪ್ರದೇಶದ ವಿಧಾನಸಭೆ ಅದನ್ನು ಹಕ್ಕುಚ್ಯುತಿಯೆಂದು ಬಗೆದು, ಅವರನ್ನು ಸದನಕ್ಕೆ ಕರೆಸಿ ಛೀಮಾರಿ ಹಾಕಲು ತೀರ್ಮಾನಿಸಿತು. ಕೇಶವ ಸಿಂಗ್ ಲಕ್ನೋಗೆ ಹೋಗಲಿಲ್ಲ; ಪ್ರಯಾಣಕ್ಕೆ ಹಣವಿಲ್ಲ ಎಂದರು. 1964ರ ಮಾರ್ಚ್ 14ರಂದು ಅವರನ್ನು ಬಂಧಿಸಿ ತಂದು ಸದನದ ಮುಂದೆ ನಿಲ್ಲಿಸಲಾಯಿತು. ಅವರು ಸಭಾಧ್ಯಕ್ಷರಿಗೆ ಬೆನ್ನು ತಿರುಗಿಸಿ ನಿಂತರು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲಿಲ್ಲ. ಛೀಮಾರಿಯನ್ನು ಖಂಡಿಸಿ ಅವರು ಮೊದಲೇ ಬರೆದಿದ್ದ ಪತ್ರವೂ ಸಭಾಧ್ಯಕ್ಷರ ಕೈಯಲ್ಲಿತ್ತು. ಕರಪತ್ರಕ್ಕೆ ಸದನ ವಿಧಿಸಿದ್ದು ಛೀಮಾರಿ ಮಾತ್ರ. ಏಳು ದಿನಗಳ ಸೆರೆವಾಸ ಬಂದದ್ದು ಆ ಪತ್ರಕ್ಕೆ ಮತ್ತು ಆ ಬೆನ್ನಿಗೆ.

ಮುಂದೆ ನಡೆದದ್ದು ನಾಟಕಕ್ಕೂ ಮಿಗಿಲು. ಮಾರ್ಚ್ 19ರಂದು ವಕೀಲರೊಬ್ಬರು ಅವರ ಪರವಾಗಿ ಅರ್ಜಿ ಹಾಕಿದರು. ಅಲಹಾಬಾದ್ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಎರಡು ದಿನಗಳ ನಂತರ ವಿಧಾನಸಭೆ ಆ ಇಬ್ಬರು ನ್ಯಾಯಮೂರ್ತಿಗಳನ್ನೂ ವಕೀಲರನ್ನೂ ಬಂಧಿಸಿ ತರಬೇಕೆಂದು ನಿರ್ಣಯಿಸಿತು! ಉಚ್ಚ ನ್ಯಾಯಾಲಯದ ಇಪ್ಪತ್ತೆಂಟು ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ಅದಕ್ಕೆ ತಡೆ ನೀಡಬೇಕಾಯಿತು. ರಾಷ್ಟ್ರಪತಿಗಳು ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಒಪ್ಪಿಸಿದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ನೇತೃತ್ವದ ಏಳು ಜನರ ಪೀಠ ಅದೇ ವರ್ಷದ ಸೆಪ್ಟೆಂಬರ್ 30ರಂದು ಆರು–ಒಂದರ ಬಹುಮತದಿಂದ ಉತ್ತರ ಕೊಟ್ಟಿತು: ಸದನದ ಸದಸ್ಯನಲ್ಲದ ಪ್ರಜೆಯೊಬ್ಬ ತನಗೆ ಸದನ ವಿಧಿಸಿದ ಸೆರೆವಾಸವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಆ ಅರ್ಜಿಯನ್ನು ಕೇಳಿದ್ದು ನ್ಯಾಯಮೂರ್ತಿಗಳ ಅಪರಾಧವಲ್ಲ.

ಮರುವರ್ಷ ಅದೇ ಉಚ್ಚ ನ್ಯಾಯಾಲಯ ಕೇಶವ ಸಿಂಗರ ಅರ್ಜಿಯನ್ನು ವಜಾ ಮಾಡಿತು. ತಮ್ಮ ಮೊಕದ್ದಮೆಯಲ್ಲಿ ಅವರು ಸೋತರು. ಬೆನ್ನು ತಿರುಗಿಸಿ ನಿಂತದ್ದು ಸರಿಯೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೆ ಶಿಕ್ಷೆಯನ್ನು ಪ್ರಶ್ನಿಸುವ ಬಾಗಿಲು ತೆರೆದೇ ಉಳಿಯಿತು. ಪ್ರಶ್ನಿಸಿದವನ ಪ್ರಶ್ನೆ ತಪ್ಪಾಗಿರಬಹುದು, ಅವನ ನಡತೆ ಒರಟಾಗಿರಬಹುದು. ಆದರೂ ಪ್ರಶ್ನಿಸುವ ಹಕ್ಕು ಅವನದೇ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಸಿಗುವುದು ಕಷ್ಟ.

ಶಾಸನಸಭೆಗೇ ಇಂಥ ಮಿತಿಯಿದ್ದರೆ ಹಳ್ಳಿಯ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ ನಡೆಸುವ ಸಭೆಯ ಪೀಠ ಪ್ರಶ್ನಾತೀತವಾಗುವುದು ಹೇಗೆ? ಇದಕ್ಕೆ ಪಾಶ್ಚಾತ್ಯ ಪುಸ್ತಕಗಳನ್ನೇ ತೆರೆಯಬೇಕೆಂದಿಲ್ಲ. ಶೂನ್ಯಸಂಪಾದನೆ ಚಿತ್ರಿಸುವ ಅನುಭವ ಮಂಟಪದಲ್ಲಿ ಪೀಠದಲ್ಲಿದ್ದ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕಟುವಾಗಿ ಪ್ರಶ್ನಿಸುತ್ತಾನೆ. ಅವಳು ಒಂದೊಂದಕ್ಕೂ ಎದುರುತ್ತರ ಕೊಡುತ್ತಾಳೆ. ಕೊನೆಗೆ ಪೀಠವೇ ಅವಳಿಗೆ ತಲೆಬಾಗುತ್ತದೆ. ಒಬ್ಬಳು ಉಡುತಡಿಯವಳು, ಇನ್ನೊಬ್ಬ ಬಳ್ಳಿಗಾವಿಯವನು. ಎರಡೂ ಊರುಗಳು ಶಿಕಾರಿಪುರ ತಾಲ್ಲೂಕಿನವು ಎಂಬುದನ್ನು ಮಲೆನಾಡಿನ ಮೇಷ್ಟರುಗಳು ಎದುರುತ್ತರದ ಪಾಠ ಹೇಳುವಾಗ ನೆನೆಯುವುದಿಲ್ಲ.

ಪಾಶ್ಚಾತ್ಯ ಪುಸ್ತಕವೂ ಅನಾದರಕ್ಕೆ ತಕ್ಕದ್ದಲ್ಲ. ಅಮೆರಿಕದ ಸೈನ್ಯದಲ್ಲಿ ಇಂಜಿನಿಯರ್ ಆಗಿದ್ದ ಹೆನ್ರಿ ರಾಬರ್ಟ್ ಎಂಬಾತ ಒಮ್ಮೆ ಚರ್ಚಿನ ಸಭೆಯೊಂದರ ಅಧ್ಯಕ್ಷತೆ ವಹಿಸಿ ಅದನ್ನು ಹತೋಟಿಯಲ್ಲಿಡಲಾಗದೆ ಪಜೀತಿಪಟ್ಟ. ಆ ಪಜೀತಿಯ ಫಲವಾಗಿ 1876ರಲ್ಲಿ ಸಭಾ ನಡಾವಳಿಯ ನಿಯಮಗಳ ಪುಸ್ತಕ ಹೊರಬಂತು. ಇಂದಿಗೂ ಅಲ್ಲಿಯ ಸಂಘಸಂಸ್ಥೆಗಳು ಅದನ್ನು ಬಳಸುತ್ತವೆ. ಅಧ್ಯಕ್ಷರ ತೀರ್ಮಾನ ಒಪ್ಪಿಗೆಯಾಗದ ಸದಸ್ಯ ಅದನ್ನು ಸಭೆಯ ಮುಂದೆ ಮೇಲ್ಮನವಿಯಾಗಿ ಇಡಬಹುದು, ಇನ್ನೊಬ್ಬ ಸದಸ್ಯ ಅನುಮೋದಿಸಿದರೆ ಸಭೆಯೇ ಮತ ಹಾಕಿ ತೀರ್ಮಾನಿಸಬೇಕು ಎಂಬುದು ಅದರಲ್ಲಿಯ ಒಂದು ನಿಯಮ. ಮತಗಳು ಸಮವಾದರೆ ಅಧ್ಯಕ್ಷರ ಮಾತೇ ನಿಲ್ಲುತ್ತದೆ. ಅಧ್ಯಕ್ಷರ ಗೌರವವನ್ನೂ ಸದಸ್ಯನ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಇಂಥ ನಿಯಮ ಯುವಕ ಸಂಘಕ್ಕೂ ಹಾಲು ಸೊಸೈಟಿಗೂ ಏಕೆ ಬೇಡ?

ಪರಿಸರ ಸಂಘಟನೆಗಳಿಗೂ ಬೇಕು ಎಂಬುದನ್ನು ಇಲ್ಲಿ ಮುಚ್ಚಿಡುವುದು ತರವಲ್ಲ. ಅಧಿಕಾರಿಗಳ ಎಚ್ಚರಿಕೆಯನ್ನು ದಮನವೆಂದು ಕರೆಯುವ ಹೋರಾಟ ಸಮಿತಿಗಳ ಒಳಸಭೆಗಳಲ್ಲಿ ನಡೆಯುವುದೇನು? ಪರಿಹಾರದ ಮೊತ್ತ ಹೆಚ್ಚಿಸುವಂತೆ ಕೇಳೋಣ ಎಂದ ಸಣ್ಣ ಹಿಡುವಳಿದಾರನಿಗೆ 'ಚಳವಳಿಯ ಒಗ್ಗಟ್ಟು ಒಡೆಯಬೇಡಿ' ಎಂಬ ಎಚ್ಚರಿಕೆ. ಕಳೆದ ಧರಣಿಯ ಖರ್ಚಿನ ಲೆಕ್ಕ ಕೇಳಿದವಳಿಗೆ 'ಇದು ಸಮಯವಲ್ಲ' ಎಂಬ ಎಚ್ಚರಿಕೆ. ಯಾವ ನಿಯಮದ ಪ್ರಕಾರ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ನಿಯಮವೇ ಬರೆದಿಲ್ಲ. ನಡವಳಿ ಪುಸ್ತಕವಿದ್ದರೂ ಅದು ಯಾರದೋ ಮನೆಯ ಅಟ್ಟದ ಮೇಲಿರುತ್ತದೆ. ಒಗ್ಗಟ್ಟು ಬೇಕೆಂಬುದರಲ್ಲಿ ವಾದವಿಲ್ಲ. ಆದರೆ ಒಳಸಭೆಯಲ್ಲಿ ಬಾಯಿ ಮುಚ್ಚಿಸಿಕೊಂಡವರು ಅಹವಾಲು ಸಭೆಯ ದಿನ ಮನೆಯಲ್ಲೇ ಉಳಿಯುತ್ತಾರೆ, ಅಥವಾ ಕಂಪನಿಯ ಜೀಪು ಹತ್ತುತ್ತಾರೆ.

ಪೀಠದ ಮೇಲೆ ಹೊರಗಿನ ಸಾಕ್ಷಿಯೊಂದನ್ನು ಇಡುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಒಡಿಶಾದ ನಿಯಮಗಿರಿ ಬೆಟ್ಟವೇ ನಿದರ್ಶನ. ಡೋಂಗ್ರಿಯಾ ಕೊಂಧರ ಆ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆ ಬಂದಾಗ, ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 18ರ ತೀರ್ಪಿನಲ್ಲಿ ವಿಷಯವನ್ನು ಗ್ರಾಮಸಭೆಗಳ ಮುಂದಿಡಲು ಹೇಳಿತು. ಜೊತೆಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯೊಬ್ಬರು ವೀಕ್ಷಕರಾಗಿ ಕುಳಿತು, ಸಭೆ ಯಾರ ಪ್ರಭಾವಕ್ಕೂ ಒಳಗಾಗದೆ ನಡೆಯಿತೆಂದು ದೃಢಪಡಿಸಿ ನಡವಳಿಗೆ ಸಹಿ ಹಾಕಬೇಕೆಂದು ವಿಧಿಸಿತು. ಆ ಮಳೆಗಾಲದಲ್ಲಿ ಹನ್ನೆರಡು ಗ್ರಾಮಸಭೆಗಳು ನಡೆದವು. ಹನ್ನೆರಡೂ ಗಣಿಯನ್ನು ನಿರಾಕರಿಸಿದವು. ಸಭೆ ನಡೆಸಿದವರೇ ಸಭೆಗೆ ಪ್ರಮಾಣಪತ್ರ ಬರೆದುಕೊಳ್ಳಬೇಕಾದ ಸ್ಥಿತಿ ಅಲ್ಲಿರಲಿಲ್ಲ. ಅರಣ್ಯ ಹಕ್ಕುಗಳ ಕಾಯ್ದೆಯ ಹಿನ್ನೆಲೆಯ ಆ ಸಭೆಗಳಿಗೂ ಪರಿಸರ ಅನುಮತಿಯ ಅಹವಾಲು ಸಭೆಗೂ ಕಾನೂನಿನಲ್ಲಿ ಭೇದವಿದೆ. ಆದರೆ ವೀಕ್ಷಕರನ್ನು ಕೇಳುವುದಕ್ಕೆ ಆ ಭೇದ ಅಡ್ಡಿಯಾಗಬೇಕಿಲ್ಲ. ಅಲ್ಲಿಯವರೆಗೆ ವಿಡಿಯೋ ಕ್ಯಾಮೆರಾವೇ ಬಡವರ ವೀಕ್ಷಕ.

ಇನ್ನು ಎಚ್ಚರಿಕೆಯನ್ನು ಪ್ರಶ್ನಿಸುವ ಬಗೆ. ಗದ್ದಲ ಎಬ್ಬಿಸಿ ಸಭೆಯನ್ನು ಮುರಿಯುವುದರಿಂದ ಲಾಭವಾಗುತ್ತದೆ ಎಂಬ ನಂಬಿಕೆ ಹಲವು ತರುಣರಲ್ಲಿದೆ. ಅವರು 2006ರ ಅಧಿಸೂಚನೆಯ ಇನ್ನೊಂದು ಅಂಶವನ್ನು ಓದಬೇಕು. ಸ್ಥಳೀಯ ಪರಿಸ್ಥಿತಿಯ ಕಾರಣ ಜನರು ಮುಕ್ತವಾಗಿ ಅಭಿಪ್ರಾಯ ಹೇಳುವಂತೆ ಸಭೆ ನಡೆಸುವುದು ಸಾಧ್ಯವಿಲ್ಲವೆಂದು ಸಭೆಯ ಹೊಣೆ ಹೊತ್ತವರು ವರದಿ ಮಾಡಿದರೆ, ಅನುಮತಿ ನೀಡುವ ಪ್ರಾಧಿಕಾರವು ಅದನ್ನು ಪರಿಶೀಲಿಸಿ ಆ ಯೋಜನೆಗೆ ಅಹವಾಲು ಸಭೆಯೇ ಬೇಡ ಎಂದು ತೀರ್ಮಾನಿಸಬಹುದು. ಅಂದರೆ ಕುರ್ಚಿ ಎಸೆದವರು ಎಸೆದದ್ದು ತಮ್ಮ ಊರಿನ ಏಕೈಕ ವೇದಿಕೆಯನ್ನೇ ಆಗಬಹುದು. ಅಹವಾಲು ಸಭೆಯೇ ಕಣ್ಣೊರೆಸುವ ತಂತ್ರ, ಅದನ್ನು ಬಹಿಷ್ಕರಿಸುವುದೇ ಸರಿ ಎಂಬ ವಾದಕ್ಕೂ ಆಧಾರಗಳಿವೆ. ಆದರೆ ಛತ್ತೀಸಗಢದ ರಾಯಗಢ ಜಿಲ್ಲೆಯ ಕಲ್ಲಿದ್ದಲು ಗಣಿಯೊಂದರ ಪರಿಸರ ಅನುಮತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2012ರ ಏಪ್ರಿಲ್‌ನಲ್ಲಿ ರದ್ದುಪಡಿಸಿದ್ದು 2008ರ ಅಹವಾಲು ಸಭೆ ನಡೆದ ರೀತಿಯನ್ನು ಪರಿಶೀಲಿಸಿಯೇ. ಸಭೆ ಹೇಗೆ ನಡೆಯಿತೆಂಬುದಕ್ಕೆ ಸಾಕ್ಷ್ಯವಿಟ್ಟುಕೊಂಡವರು ನಾಲ್ಕು ವರ್ಷಗಳ ಮೇಲಾದರೂ ಗೆದ್ದರು.

ಆದ್ದರಿಂದ ಎಚ್ಚರಿಕೆ ಬಂದೊಡನೆ ಕುಳಿತುಕೊಳ್ಳುವುದರಲ್ಲಿ ಸೋಲಿಲ್ಲ. ಕುಳಿತುಕೊಳ್ಳುವ ಮುನ್ನ, ಕ್ಯಾಮೆರಾಕ್ಕೆ ಕೇಳುವಂತೆ, ಒಂದೇ ವಾಕ್ಯ ಹೇಳಿದರೆ ಸಾಕು: 'ಅಧ್ಯಕ್ಷರೇ, ತಮ್ಮ ಎಚ್ಚರಿಕೆಯನ್ನೂ ನನ್ನ ಆಕ್ಷೇಪವನ್ನೂ ದಯವಿಟ್ಟು ನಡವಳಿಯಲ್ಲಿ ಬರೆಸಿ.' ಇದರಲ್ಲಿ ಅವಿಧೇಯತೆಯಿಲ್ಲ, ನಿಂದನೆಯಿಲ್ಲ. ಪಕ್ಕದಲ್ಲಿ ಕುಳಿತವರು ಆ ಕ್ಷಣದ ಸಮಯವನ್ನೂ ಎಚ್ಚರಿಕೆಯ ಶಬ್ದಗಳನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಎಚ್ಚರಿಕೆ ಪಡೆದವರಿಗೆ ಆ ಹೊತ್ತಿನಲ್ಲಿ ಕೈ ನಡುಗುತ್ತಿರುತ್ತದೆ. ಪ್ರಶ್ನಿಸಬೇಕಾದದ್ದು ಎಚ್ಚರಿಕೆಯನ್ನು. ಅಧಿಕಾರಿಯ ಊರು, ಜಾತಿ, ಪ್ರಾಮಾಣಿಕತೆಗಳನ್ನು ಎತ್ತಿದ ಕ್ಷಣದಿಂದ ಎಚ್ಚರಿಕೆ ಸರಿಯೇ ಆಗಿಬಿಡುತ್ತದೆ. ನಡವಳಿಯನ್ನು ಓದುವಾಗ ಬಿಟ್ಟುಹೋದ ಮಾತನ್ನು ಎತ್ತಿ ತೋರಿಸಬೇಕು. ನಡವಳಿಗೆ ಒಪ್ಪಿತವಾದದ್ದು ಎಂಬ ವಿಶೇಷಣವಿದೆ. ಒಪ್ಪಿಗೆ ಇಲ್ಲವೆಂದು ಹೇಳುವ ಅವಕಾಶವೂ ಅದರಲ್ಲೇ ಅಡಗಿದೆ.

ಅಲ್ಲಿಯೂ ಕೇಳದಿದ್ದರೆ ಲೇಖನಿ ಹಿಡಿಯಬೇಕು, ಮತ್ತು ಬೇಗ ಹಿಡಿಯಬೇಕು. ಮಂಡಳಿಯು ಸಭೆ ಮುಗಿದ ಎಂಟು ದಿನಗಳೊಳಗೆ ನಡವಳಿಯನ್ನು ಪ್ರಾಧಿಕಾರಕ್ಕೆ ಕಳುಹಿಸಬೇಕೆಂಬ ಗಡುವಿದೆ. ಹತ್ತನೆಯ ದಿನ ಬರೆದ ಸುಂದರವಾದ ಪತ್ರಕ್ಕಿಂತ ಮೂರನೆಯ ದಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಅರ್ಧ ಪುಟ ಮೇಲು. ಅದರ ಪ್ರತಿ ಮಂಡಳಿಗೂ ಹೋಗಲಿ. ನಡವಳಿ ಪಂಚಾಯಿತಿ ಕಚೇರಿಯಲ್ಲಿ ಪ್ರದರ್ಶನಕ್ಕೆ ಬರಬೇಕೆಂಬ ನಿಯಮವಿದೆ. ಬಾರದಿದ್ದರೆ, ಅಥವಾ ವಿಡಿಯೋದ ಪ್ರತಿ ಬೇಕಿದ್ದರೆ, ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ನಡವಳಿಯನ್ನು ಓದುವುದು ಸಭೆಯ ಕಟ್ಟಕಡೆಯಲ್ಲಿ. ಬೆಳಿಗ್ಗೆ ಆರಂಭವಾದ ಸಭೆ ಸಂಜೆಯಾದರೂ ಮುಗಿಯದಿರುವುದು ಸಾಮಾನ್ಯ. ಹಾಲು ಕರೆಯಬೇಕಾದವರು, ದೂರದ ಹಳ್ಳಿಗೆ ಹೋಗಬೇಕಾದವರು ಐದು ಗಂಟೆಯ ಕೊನೆಯ ಬಸ್ಸಿಗೆ ಹೊರಟುಹೋಗಿರುತ್ತಾರೆ. ಎಚ್ಚರಿಕೆ ಪಡೆದು ಕುಳಿತವರು ಬಹುತೇಕ ಆ ಬಸ್ಸಿನಲ್ಲೇ ಇರುತ್ತಾರೆ. ಮುಂದಿನ ಅಹವಾಲು ಸಭೆ ಯಾವ ಊರಿನಲ್ಲಿ ನಡೆದರೂ ಅಲ್ಲಿಯ ಸಂಘದವರು ಮೊದಲು ಮಾಡಬೇಕಾದ ಕೆಲಸ ಒಂದು ಜೀಪಿನ ಏರ್ಪಾಡು: ನಡವಳಿ ಓದಿ ಮುಗಿಯುವವರೆಗೆ ಕುಳಿತವರನ್ನು ರಾತ್ರಿ ಎಷ್ಟು ಹೊತ್ತಾದರೂ ಮನೆಗೆ ಮುಟ್ಟಿಸುವ ಜೀಪು.